ಬ್ಯಾಂಕಾಕ್‌ನ ಚಾವೋ ಫ್ರಾಯಾ ಡಿನ್ನರ್ ಕ್ರೂಸ್, ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಬ್ಯಾಂಕಾಕ್‌ಗೆ ಹೋಗ್ತಿದೀನಿ, ಇಬ್ರಿಗೂ ಇದು ಮೊದಲನೇ ಫಾರಿನ್ ಟ್ರಿಪ್. ನಾಲ್ಕು ರಾತ್ರಿ ಇರ್ತೀವಿ, ಅದ್ರಲ್ಲಿ ಒಂದು ಸಂಜೆ ಚಾವೋ ಫ್ರಾಯಾ ನದೀಲಿ ಡಿನ್ನರ್ ಕ್ರೂಸ್ ಮಾಡಿಸೋಣ ಅಂತ ಆಸೆ, ಆದ್ರೆ ಆನ್‌ಲೈನ್‌ನಲ್ಲಿ ನೋಡ್ತಾ ಹೋದ್ರೆ ಹತ್ತಾರು ಬೋಟು, ಒಂದೊಂದಕ್ಕೂ ಒಂದೊಂದು ರೇಟು, ಒಬ್ರು ಅದ್ಭುತ ಅಂತಾರೆ ಇನ್ನೊಬ್ರು ದುಡ್ಡು ದಂಡ ಅಂತಾರೆ, ಓದಿ ಓದಿ ತಲೆ ಕೆಟ್ಟು ಹೋಗಿದೆ.

ನನ್ನ ಚಿಂತೆ ಮೂರು. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ, ಸೋಮವಾರ ಗುರುವಾರ ಈರುಳ್ಳಿ ಬೆಳ್ಳುಳ್ಳಿನೂ ಬಿಡ್ತಾರೆ. ಅಪ್ಪನಿಗೆ ಮಂಡಿ ನೋವು, ಬೋಟ್ ಹತ್ತೋದು ಇಳಿಯೋದು ಹೇಗೋ ಗೊತ್ತಿಲ್ಲ. ಮತ್ತೆ ಇಬ್ರೂ ಜೋರು ಮ್ಯೂಸಿಕ್ ಅಂದ್ರೆ ಎದ್ದು ಹೊರಗೆ ಹೋಗೋರು. ಹೋಗಿ ಬಂದೋರು ಯಾರಾದ್ರೂ ಇದ್ರೆ ಸ್ವಲ್ಪ ಬಿಡಿಸಿ ಹೇಳ್ತೀರಾ? ಅಪ್ಪ ಮೂವತ್ತು ವರ್ಷ ರಜಾ ಹಾಕದೆ ದುಡಿದಿದಾರೆ, ಈ ಒಂದು ಸಂಜೆ ಅವ್ರಿಗೆ ಚೆನ್ನಾಗಿರ್ಬೇಕು ಅಷ್ಟೇ.

ಹೊಳೆಸಾಲು

ಖಂಡಿತ ಕರ್ಕೊಂಡು ಹೋಗಿ. ನಾನು ಎರಡು ಸಲ ಹೋಗಿದೀನಿ, ಒಂದ್ಸಲ ಫ್ರೆಂಡ್ಸ್ ಜೊತೆ, ಇನ್ನೊಂದ್ಸಲ ಅತ್ತೆ ಮಾವನ ಜೊತೆ, ಎರಡನೇ ಸಲಾನೇ ಚೆನ್ನಾಗಿತ್ತು, ಯಾಕಂದ್ರೆ ಮೊದಲನೇ ಸಲ ಮಾಡಿದ ತಪ್ಪು ಎರಡನೇ ಸಲ ಮಾಡ್ಲಿಲ್ಲ. ತಪ್ಪು ಏನಂದ್ರೆ ನಾವು ಬೋಟ್ ಹತ್ತಿದ ತಕ್ಷಣ ಬಫೆ ಕ್ಯೂನಲ್ಲಿ ನಿಂತ್ವಿ. ತಟ್ಟೆ ತುಂಬ್ಕೊಂಡು ಟೇಬಲ್‌ಗೆ ಬಂದು ಕೂತ್ಕೊಳ್ಳೋಷ್ಟರಲ್ಲಿ ನದಿ ದಡದ ವಾಟ್ ಅರುಣ್ ಬೌದ್ಧ ದೇವಸ್ಥಾನ ಹಿಂದೆ ಹೋಗಿಬಿಟ್ಟಿತ್ತು! ಅಷ್ಟು ದೂರದಿಂದ ಬಂದು ಸೀಗಡಿ ತಟ್ಟೆ ನೋಡ್ತಾ ಕೂತಿದ್ವಿ. ಆದ್ರಿಂದ ಕ್ರೂಸ್‌ಗೆ ಹೋಗೋದು ಊಟಕ್ಕಲ್ಲ ನದಿಗೆ ಅಂತ ಮೊದಲೇ ಮನಸ್ಸಲ್ಲಿ ಇಟ್ಕೊಳ್ಳಿ, ಊಟ ಸಿಕ್ಕಿದ್ದು ಲಾಭ.

ದಾರಿ ಹೇಳ್ತೀನಿ, ಹೆಚ್ಚುಕಮ್ಮಿ ಎಲ್ಲಾ ಬೋಟ್‌ದೂ ಒಂದೇ ದಾರಿ. ಐಕಾನ್‌ಸಯಾಮ್ ಮಾಲ್ ಅಥವಾ ಅದರ ಎದುರು ದಡದ ರಿವರ್ ಸಿಟಿ ಕಡೆಯಿಂದ ಹೊರಟು ನದಿಯ ಮೇಲ್ಮುಖವಾಗಿ ಹೋಗುತ್ತೆ. ಮೊದಲು ಎರಡು ಸೇತುವೆ ಒಟ್ಟೊಟ್ಟಿಗೆ ಬರುತ್ತೆ, ಅದ್ರಲ್ಲಿ ಹಳೇದು ಮೆಮೋರಿಯಲ್ ಬ್ರಿಡ್ಜ್. ಬ್ಯಾಂಕಾಕ್ ರಾಜಧಾನಿ ಆಗಿದ್ದು 1782ರಲ್ಲಿ, ಅದಕ್ಕೆ 150 ವರ್ಷ ತುಂಬಿದಾಗ 1932ರಲ್ಲಿ ಇದನ್ನ ಓಪನ್ ಮಾಡಿದ್ದು. ಸೇತುವೆ ಹತ್ರ ಎಡಗಡೆ ಸಾಂತಾ ಕ್ರೂಜ್ ಚರ್ಚ್‌ನ ಗುಮ್ಮಟ ಕಾಣುತ್ತೆ, ಪೋರ್ಚುಗೀಸರು ನೆಲೆಸಿದ್ದ ಹಳೇ ಕೇರಿ ಅದು. ಬಲಗಡೆ ಹೂವಿನ ಮಾರ್ಕೆಟ್ ಇರೋ ದಡ. ಆಮೇಲೆ ಎಡಕ್ಕೆ ವಾಟ್ ಅರುಣ್, ಸ್ವಲ್ಪ ಮುಂದೆ ಬಲಕ್ಕೆ ಗ್ರ್ಯಾಂಡ್ ಪ್ಯಾಲೆಸ್‌ನ ಚಿನ್ನದ ಶಿಖರಗಳು, ಇನ್ನೂ ಮುಂದೆ ರಾಮ 8 ಸೇತುವೆ. ಅದು 2002ರದು, ಒಂದೇ ಕಂಬ, ಅದೂ ಒಂದೇ ದಡದಲ್ಲಿ, ಅಲ್ಲಿಂದ ವೀಣೆ ತಂತಿ ಎಳೆದ ಹಾಗೆ ಹಳದಿ ಕೇಬಲ್‌ಗಳು ಇಳಿದಿರುತ್ತೆ, ಮಧ್ಯದ 300 ಮೀಟರ್‌ಗೆ ನೀರಲ್ಲಿ ಒಂದು ಕಂಬನೂ ಇಲ್ಲ. ನಿಮ್ಮಪ್ಪ ಇಂಜಿನಿಯರಿಂಗ್ ಕಡೆಯೋರಾದ್ರೆ ಅಲ್ಲೇ ಹತ್ತು ನಿಮಿಷ ನಿಂತುಬಿಡ್ತಾರೆ. ಅಲ್ಲಿಂದ ಬೋಟ್ ತಿರುಗಿ ಅದೇ ದಾರೀಲಿ ವಾಪಸ್. ಎಡಗಡೆ ಸೀಟಾ ಬಲಗಡೆ ಸೀಟಾ ಅಂತ ಜಗಳ ಬೇಡವೇ ಬೇಡ, ಹೋಗ್ತಾ ತಪ್ಪಿದ್ದು ಬರ್ತಾ ಸಿಗುತ್ತೆ. ಒಟ್ಟು ಎರಡು ಗಂಟೆ.

ವಾಟ್ ಅರುಣ್ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿಡಿ. ಅರುಣ ಅಂದ್ರೆ ನಮ್ಮ ಅರುಣನೇ, ಸೂರ್ಯನ ಸಾರಥಿ. ಹಳೇ ರಾಜಧಾನಿ ಆಯುಥಾಯ ಬಿದ್ದ ಮೇಲೆ ರಾಜ ತಕ್ಸಿನ್ ಹೊಳೆ ಮೇಲೆ ಬಂದು ಬೆಳಗಿನ ಜಾವಕ್ಕೆ ಈ ದಡ ಸೇರಿದ ಅನ್ನೋ ಕತೆ ಇದೆ. ಈಗ ಕಾಣೋ ದೊಡ್ಡ ಗೋಪುರ ಅಲ್ಲಿನ ರಾಜ ಎರಡನೇ ರಾಮನ ಕಾಲದಲ್ಲಿ ಶುರುವಾಗಿ ಮೂರನೇ ರಾಮನ ಕಾಲದಲ್ಲಿ ಮುಗಿದಿದ್ದು. ಮೈತುಂಬ ಪಿಂಗಾಣಿ ಚೂರು ಅಂಟಿಸಿದಾರೆ, ಚೀನಾದಿಂದ ಬರೋ ಹಡಗುಗಳಲ್ಲಿ ತೂಕಕ್ಕೆ ಅಂತ ತುಂಬ್ಕೊಂಡು ಬರ್ತಿದ್ದ ಪಿಂಗಾಣಿ ಅದು. ಗೋಪುರದ ಗೂಡುಗಳಲ್ಲಿ ಐರಾವತದ ಮೇಲೆ ಕೂತ ಇಂದ್ರ ಇದಾನೆ. ರಾತ್ರಿ ಬೋಟ್‌ನಿಂದ ಇಷ್ಟೆಲ್ಲಾ ಕಾಣಲ್ಲ, ಬಂಗಾರದ ಬಣ್ಣದ ಬೆಳಕಲ್ಲಿ ಪೂರ್ತಿ ಆಕಾರ ಕಾಣುತ್ತೆ ಅಷ್ಟೇ, ಹಾಗಾಗಿ ಅವತ್ತೇ ಹಗಲಲ್ಲಿ ಒಂದ್ಸಲ ಒಳಗೆ ಹೋಗಿ ಹತ್ತಿರದಿಂದ ನೋಡ್ಕೊಂಡು ಬನ್ನಿ. ನನ್ನ ಅತ್ತೆ ಬೆಳಿಗ್ಗೆ ಆ ಪಿಂಗಾಣಿ ಹೂವುಗಳನ್ನ ಬೆರಳಿಟ್ಟು ತೋರಿಸ್ತಾ ಇದು ತಟ್ಟೆ ಅಂಚು, ಇದು ಬಟ್ಟಲು ಅಂತ ಒಂದೊಂದೇ ಹುಡುಕಿದ್ರು, ರಾತ್ರಿ ನೀರಲ್ಲಿ ಅದೇ ಗೋಪುರ ತಲೆಕೆಳಗಾಗಿ ನಡುಗ್ತಾ ಇದ್ದಿದ್ದು ನೋಡಿ ಮಾತೇ ಆಡ್ಲಿಲ್ಲ.

ಮಂಡಿ ವಿಷಯ. ಪಿಯರ್‌ನಲ್ಲಿ, ಅಂದ್ರೆ ಬೋಟ್ ಹತ್ತೋ ಕಟ್ಟೇಲಿ, ತೇಲೋ ಪ್ಲಾಟ್‌ಫಾರ್ಮ್ ಇರುತ್ತೆ. ಸಮುದ್ರದ ಉಬ್ಬರ ಇಳಿತ ಬ್ಯಾಂಕಾಕ್‌ವರೆಗೂ ಬರೋದ್ರಿಂದ ದಡದಿಂದ ಅದಕ್ಕೆ ಇಳಿಯೋ ರ‍್ಯಾಂಪ್ ಒಂದೊಂದು ಹೊತ್ತಿಗೆ ಒಂದೊಂದು ಇಳಿಜಾರು. ಬೇರೆ ಬೋಟ್ ಪಕ್ಕದಲ್ಲಿ ಹೋದ್ರೆ ಪ್ಲಾಟ್‌ಫಾರ್ಮ್ ಒಂದ್ಸಲ ಏಳುತ್ತೆ, ಒಂದ್ಸಲ ಕುಸಿಯುತ್ತೆ, ಬೋಟ್‌ಗೂ ಅದಕ್ಕೂ ಮಧ್ಯ ಒಂದು ಗೇಣು ಸಂದು ಬಿಡುತ್ತೆ. ಅವಸರ ಮಾಡ್ಬೇಡಿ, ಹುಡುಗರು ಕೈ ಹಿಡಿದು ಹತ್ತಿಸ್ತಾರೆ. ಎಲ್ಲರೂ ಹತ್ತಿದ ಮೇಲೆ ಕೊನೇಲಿ ಹತ್ತಿ, ಎಲ್ಲರೂ ಇಳಿದ ಮೇಲೆ ಕೊನೇಲಿ ಇಳೀರಿ. ಮೇಲಿನ ಡೆಕ್ ಮೆಟ್ಟಿಲು ಕಡಿದಾಗಿರುತ್ತೆ, ಅಪ್ಪನಿಗೆ ಕೆಳಗಿನ ಡೆಕ್‌ನಲ್ಲೇ ತೆರೆದ ಜಾಗ ಇರೋ ಬೋಟ್ ಸಿಗುತ್ತಾ ಅಂತ ಬುಕ್ ಮಾಡೋ ಮುಂಚೆ ಮೆಸೇಜ್ ಹಾಕಿ ಕೇಳಿ.

ಬೆಲ್ಲದಚ್ಚು

ಊಟದ ಬಗ್ಗೆ ಮಾತ್ರ ಹೇಳ್ತೀನಿ, ನಾನೂ ಸಸ್ಯಾಹಾರಿ. ಅಲ್ಲಿ ತರಕಾರಿ ಅಂತ ಬರೆದಿದ್ರೂ ನಂಬ್ಕೊಂಡು ತಿನ್ಬೇಡಿ, ನಾಮ್ ಪ್ಲಾ ಅಂತ ಮೀನಿನ ಸಾಸ್ ಇದೆ, ಅದು ನಮ್ಮಲ್ಲಿ ಉಪ್ಪು ಹಾಕಿದ ಹಾಗೆ ಹಾಕ್ತಾರೆ, ಪಪ್ಪಾಯಿ ಸಲಾಡ್‌ಗೂ ಬೀಳುತ್ತೆ. ಒಂದು ಖುಷಿ ವಿಷಯ ಏನಂದ್ರೆ ಥಾಯ್ ಭಾಷೇಲಿ ಸಸ್ಯಾಹಾರಕ್ಕೆ ಮಂಗ್ಸವಿರತ್ ಅಂತಾರೆ, ಬಿಡಿಸಿ ನೋಡಿ, ಮಾಂಸ ವಿರತಿ! ನಮ್ಮ ಬಾಯಿಗೆ ಸಲೀಸಾಗಿ ಬರುತ್ತೆ. ಆದ್ರೆ ನಿಮ್ಮಮ್ಮನಿಗೆ ಬೇಕಾಗಿರೋ ಮಾತು ಜೇ. ಅದು ಇನ್ನೂ ಕಟ್ಟುನಿಟ್ಟು, ಮಾಂಸ ಮೀನು ಮೊಟ್ಟೆ ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಅಂಗಡಿ ಮುಂದೆ ಹಳದಿ ಬಾವುಟದ ಮೇಲೆ ಕೆಂಪಕ್ಷರ ಇದ್ರೆ ಅದು ಜೇ ಅಡಿಗೆ. ಬುಕ್ ಮಾಡೋವಾಗ ಜೇ ಅಂತ ಬರೆದು ಕಳಿಸಿ, ಬೋಟ್ ಹತ್ತಿದ ಮೇಲೆ ಮತ್ತೆ ಒಂದ್ಸಲ ಬಾಯಲ್ಲಿ ಹೇಳಿ.

ಭಾರತೀಯರು ತುಂಬ ಬರೋದ್ರಿಂದ ದೊಡ್ಡ ಬೋಟ್‌ಗಳಲ್ಲಿ ದಾಲ್, ಅನ್ನ, ಪನೀರ್ ಇರೋ ಕೌಂಟರ್ ಸಿಗುತ್ತೆ, ಕೆಲವದ್ರಲ್ಲಿ ಪೂರ್ತಿ ಇಂಡಿಯನ್ ಕ್ರೂಸೇ ಇದೆ. ರುಚಿ ಸಾಧಾರಣ. ನಾನು ಕೊನೆಗೆ ಹೊಟ್ಟೆ ತುಂಬಿಸಿದ್ದು ಮಾವಿನಹಣ್ಣು ಸಿಹಿ ಅಂಟನ್ನದಲ್ಲಿ, ತೆಂಗಿನಹಾಲು ಹಾಕಿರ್ತಾರೆ, ಅದಂತೂ ಅಮ್ಮನಿಗೆ ಕೊಡಿಸಲೇಬೇಕು.

ಬೆನ್ನಚೀಲ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ದೊಡ್ಡ ಬೋಟ್‌ಗಳಲ್ಲಿ ಹಾಡು ಡ್ಯಾನ್ಸು ಜೋರು, ನಿಮ್ಮ ಮನೆಯೋರಿಗೆ ಆಗಿಬರಲ್ಲ. ಹಳೇ ಅಕ್ಕಿ ಸಾಗಿಸೋ ಮರದ ದೋಣಿಗಳನ್ನ ಸರಿಮಾಡಿ ಅದ್ರಲ್ಲೇ ಊಟ ಹಾಕೋ ಚಿಕ್ಕ ಕ್ರೂಸ್‌ಗಳಿವೆ, ರೇಟ್ ಜಾಸ್ತಿ, ಆದ್ರೆ ಜನ ಕಮ್ಮಿ, ಟೇಬಲ್‌ಗೇ ತಂದು ಬಡಿಸ್ತಾರೆ, ಕ್ಯೂ ಇಲ್ಲ. ನೀರಿಗೂ ನಿಮಗೂ ಮಧ್ಯ ಒಂದು ಮೊಳ ಅಷ್ಟೇ ಅಂತರ. ನಾನು ಅದ್ರಲ್ಲಿ ಹೋದಾಗ ಪಕ್ಕದಲ್ಲೇ ಮರಳು ತುಂಬಿದ ಬಾರ್ಜ್ ಮೂರ್ನಾಲ್ಕು ಒಂದಕ್ಕೊಂದು ಹಗ್ಗ ಕಟ್ಕೊಂಡು, ಮುಂದೆ ಒಂದು ಪುಟ್ಟ ಟಗ್ ಬೋಟ್ ಎಳ್ಕೊಂಡು ಹೋಗ್ತಿತ್ತು, ಕೊನೇ ಬಾರ್ಜ್ ಮೇಲೆ ಒಂದು ಸಂಸಾರ ಚಾಪೆ ಹಾಕ್ಕೊಂಡು ಊಟ ಮಾಡ್ತಿತ್ತು, ಮಗು ನಮ್ಮ ಕಡೆ ಕೈ ಬೀಸ್ತು. ನನಗೆ ಆ ಟ್ರಿಪ್‌ನಲ್ಲಿ ನೆನಪಿರೋದು ಅದೇ.

ಬಜೆಟ್ ಇಲ್ಲ ಅಂದ್ರೆ ಹಗಲು ಹೊತ್ತು ಕಿತ್ತಳೆ ಬಾವುಟದ ಎಕ್ಸ್‌ಪ್ರೆಸ್ ಬೋಟ್‌ನಲ್ಲಿ ಇದೇ ದಾರಿ ಚಿಲ್ಲರೆ ಕಾಸಲ್ಲಿ ನೋಡಬಹುದು, ಕಂಡಕ್ಟರ್ ಸೀಟಿ ಊದ್ಕೊಂಡು ಬೋಟನ್ನ ದಡಕ್ಕೆ ತರೋದು ನೋಡೋದೇ ಒಂದು ಮಜಾ. ಆದ್ರೆ ಅದು ಊರವರು ಆಫೀಸ್‌ಗೆ ಹೋಗೋ ಬೋಟು, ನಿಲ್ಲಿಸೋದು ಕ್ಷಣಮಾತ್ರ, ಮಂಡಿ ನೋವಿದ್ದೋರಿಗೆ ಬೇಡ.

ಕಡಲೆಪುರಿ

ಪಿಯರ್ ವಿಷಯದಲ್ಲಿ ಹುಷಾರು. ನಾವು ಬುಕ್ ಮಾಡಿದಾಗ ವೋಚರ್‌ನಲ್ಲಿ ಒಂದು ಪಿಯರ್ ಹೆಸರು, ಆಮೇಲೆ ಬಂದ ಮೆಸೇಜ್‌ನಲ್ಲಿ ಇನ್ನೊಂದು, ನಾವು ಮೆಸೇಜ್ ನೋಡಿರ್ಲಿಲ್ಲ. ಏಳು ಕಾಲಿಗೆ ಗೊತ್ತಾಯ್ತು, ಬೋಟ್ ಹೊರಡೋದು ಏಳೂವರೆಗೆ, ಜೀವ ಬಾಯಿಗೆ ಬಂದಿತ್ತು, ಟ್ಯಾಕ್ಸಿ ಟ್ರಾಫಿಕ್‌ನಲ್ಲಿ ಅಲ್ಲಾಡ್ಲಿಲ್ಲ, ಬೋಟ್ ತಪ್ಪಿ ದುಡ್ಡೂ ಹೋಯ್ತು. ಐಕಾನ್‌ಸಯಾಮ್ ಒಂದು ದಡ, ರಿವರ್ ಸಿಟಿ ಇನ್ನೊಂದು ದಡ, ಏಷಿಯಾಟೀಕ್ ಅನ್ನೋ ಇನ್ನೊಂದು ಪಿಯರ್ ಅಂತೂ ನದಿಯ ಕೆಳಗೆ ದೂರದಲ್ಲಿ. ಅವತ್ತು ಮಧ್ಯಾಹ್ನ ಒಂದ್ಸಲ ಕನ್ಫರ್ಮ್ ಮಾಡ್ಕೊಳ್ಳಿ. ಸಾಯಂಕಾಲ ಟ್ಯಾಕ್ಸಿ ನಂಬ್ಬೇಡಿ. ಬಿಟಿಎಸ್ ರೈಲಲ್ಲಿ ಸಫಾನ್ ತಕ್ಸಿನ್ ಸ್ಟೇಷನ್‌ನಲ್ಲಿ ಇಳಿದ್ರೆ ಕೆಳಗೇ ಸಾಥೋನ್ ಪಿಯರ್, ಅಲ್ಲಿಂದ ಐಕಾನ್‌ಸಯಾಮ್‌ಗೆ ಶಟಲ್ ಬೋಟ್ ಇದೆ. ಅಪ್ಪನಿಗೆ ಎರಡೆರಡು ಸಲ ಬೋಟ್ ಹತ್ತೋದು ಕಷ್ಟ ಅಂದ್ರೆ ಕ್ರುಂಗ್ ಥೋನ್‌ಬುರಿಯಲ್ಲಿ ಗೋಲ್ಡ್ ಲೈನ್ ರೈಲಿಗೆ ಬದಲಾಯಿಸಿ ಚರೋನ್ ನಖೋನ್‌ನಲ್ಲಿ ಇಳೀರಿ, ಮಾಲ್ ಪಕ್ಕದಲ್ಲೇ.

ಇನ್ನೊಂದು, ಲೋಯ್ ಕ್ರಥೋಂಗ್ ಹಬ್ಬ ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಗೆ ಬರುತ್ತೆ. ಬಾಳೆದಿಂಡಿನ ಪುಟ್ಟ ದೋಣೀಲಿ ದೀಪ ಹೂವು ಇಟ್ಟು ಹೊಳೇಲಿ ತೇಲಿ ಬಿಡ್ತಾರೆ. ನಿಮ್ಮ ದಿನಾಂಕಕ್ಕೆ ಬಿದ್ರೆ ಅಮ್ಮನ ಪುಣ್ಯ, ಆದ್ರೆ ಅವತ್ತು ರೇಟೂ ಜಾಸ್ತಿ ಜನಾನೂ ಜಾಸ್ತಿ, ಮೊದಲೇ ಬುಕ್ ಮಾಡಿ.

ಸಂಜೆಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಜೇ ಅನ್ನೋ ಮಾತು ಈಗಲೇ ಫೋನ್‌ನಲ್ಲಿ ಬರೆದಿಟ್ಕೊಂಡೆ. ಇನ್ನೊಂದು ಪ್ರಶ್ನೆ, ಐದು ಗಂಟೆಗೆ ಹೊರಡೋ ಸನ್‌ಸೆಟ್ ಕ್ರೂಸ್ ಒಳ್ಳೇದಾ, ಏಳೂವರೆದಾ? ಅಪ್ಪ ಒಂಬತ್ತಕ್ಕೆಲ್ಲಾ ಮಲಗೋರು.

ಹೊಳೆಸಾಲು

ನವೆಂಬರ್ ಆದ್ರೆ ಐದರದೇ ತಗೊಳ್ಳಿ, ಯೋಚನೆನೇ ಬೇಡ. ಆಗ ಅಲ್ಲಿ ಸೂರ್ಯ ಆರಕ್ಕೆ ಮುಂಚೆನೇ ಮುಳುಗ್ತಾನೆ, ಸಂಜೆ ಬೆಳಕು ಬೇಗ ಹೋಗಿಬಿಡುತ್ತೆ. ಹೋಗ್ತಾ ವಾಟ್ ಅರುಣ್ ಹಿಂದೆ ಆಕಾಶ ಕೆಂಪಾಗಿರುತ್ತೆ, ಗೋಪುರ ಕಪ್ಪಗೆ ಕಾಣುತ್ತೆ, ಬರ್ತಾ ಅದೇ ಗೋಪುರಕ್ಕೆ ದೀಪ ಹತ್ತಿರುತ್ತೆ. ಮಳೆಗಾಲದಲ್ಲಿ ಕೇಳಿದ್ರೆ ಬೇರೆ ಹೇಳ್ತಿದ್ದೆ, ಮೇ ಮಧ್ಯದಿಂದ ಅಕ್ಟೋಬರ್‌ವರೆಗೂ ಸಾಯಂಕಾಲ ಮಳೆ ಸುರಿಯೋದು ಜಾಸ್ತಿ. ಅಮ್ಮನಿಗೆ ಒಂದು ತೆಳ್ಳನೆ ಶಾಲು ಇರ್ಲಿ, ಒಳಗಿನ ಎಸಿ ತುಂಬ ತಣ್ಣಗಿರುತ್ತೆ.

ಸಂಜೆಮಲ್ಲಿಗೆ

ಹೋಗಿ ಬಂದ್ವಿ. ಮರದ ದೋಣೀಲೇ ಹೋದ್ವಿ, ಸನ್‌ಸೆಟ್‌ದು, ಕೊನೇಲಿ ಹತ್ತಿ ಕೊನೇಲಿ ಇಳಿದ್ವಿ, ಅಪ್ಪನಿಗೆ ಏನೂ ತೊಂದ್ರೆ ಆಗ್ಲಿಲ್ಲ. ಜೇ ಊಟ ಬೇರೆನೇ ಮಾಡಿಕೊಟ್ರು, ತೋಫು, ಅಣಬೆ, ಅನ್ನ, ಅಮ್ಮ ಅರ್ಧ ತಿಂದ್ರು, ಮಾವಿನಹಣ್ಣು ಪೂರ್ತಿ. ಊಟ ಬರೋ ಮುಂಚೆನೇ ಅಪ್ಪ ಮುಂದಿನ ಅಂಚಿಗೆ ಹೋಗಿ ನಿಂತಿದ್ರು, ಅಂತರಗಂಗೆ ದೊಡ್ಡ ದೊಡ್ಡ ತೆಪ್ಪದ ಹಾಗೆ ಹರಿದು ಬರ್ತಿತ್ತು, ದೋಣಿ ಮೂತಿಗೆ ತಾಗಿ ಎರಡು ಭಾಗ ಆಗಿ ಪಕ್ಕಕ್ಕೆ ಸರೀತಿತ್ತು, ಅದನ್ನೇ ನೋಡ್ತಿದ್ರು. ರಾಮ 8 ಸೇತುವೆ ಕೆಳಗೆ ಬಂದಾಗ ಕತ್ತೆತ್ತಿ ಕೇಬಲ್ ಎಣಿಸೋಕೆ ಶುರು ಮಾಡಿದ್ರು, ದೋಣಿ ತಿರುಗ್ತು, ಎಣಿಕೆ ತಪ್ತು. ಒಂಬತ್ತೂವರೆಗೆ ಹೋಟೆಲ್ ರೂಮಲ್ಲಿ ಲೈಟ್ ಆರಿಸಿದ ಮೇಲೂ ಅಮ್ಮನ ಹತ್ರ ಆ ಸೇತುವೆ ಬಗ್ಗೆನೇ ಮಾತಾಡ್ತಿದ್ರು, ಗೋಡೆ ಆಚೆಯಿಂದ ನನಗೆ ಕೇಳ್ತಿತ್ತು.