ಕೆಕ್ ಕನ್ನಡಿಗೆ ಶ್ಯಾಕ್-ಹಾರ್ಟ್‌ಮನ್ ಒಂದೇ ಯಾಕೆ ಸಾಲದು?

ಮಸೂರಪ್ರಿಯ: ಚಿಲಿಯ ವಿಎಲ್‌ಟಿ ದೂರದರ್ಶಕದ 8.2 ಮೀಟರ್ ಕನ್ನಡಿ 17.5 ಸೆಂ.ಮೀ. ದಪ್ಪ ಅಷ್ಟೇ. ಹಿಂಬದಿಯ 150 ಆಕ್ಚುವೇಟರ್‌ಗಳು (ಕನ್ನಡಿಯ ಮೇಲಿನ ಒತ್ತಡ ಹೊಂದಿಸುವ ಸಾಧನಗಳು) ಅದರ ಆಕಾರ ತಿದ್ದುತ್ತವೆ, ಎಷ್ಟು ತಿದ್ದಬೇಕೆಂದು ನಕ್ಷತ್ರದ ಬೆಳಕು ನೋಡುವ ಶ್ಯಾಕ್-ಹಾರ್ಟ್‌ಮನ್ ಸೆನ್ಸರ್ ಹೇಳುತ್ತೆ. ಹವಾಯಿಯ ಕೆಕ್ ದೂರದರ್ಶಕದ ಕನ್ನಡಿಯ 36 ತುಂಡುಗಳಿಗೂ ಅದನ್ನೇ ಬಳಸಿದರೆ ಆಗಲ್ವಾ?

ಓರೆಗೆರೆ: ಅರ್ಧ ಕೆಲಸ ಆಗುತ್ತೆ. ಆ ಸೆನ್ಸರ್ ಅಳೆಯೋದು ಇಳಿಜಾರನ್ನು ಮಾತ್ರ. ಪುಟ್ಟ ಮಸೂರಗಳ ಜಾಲರಿ ಬೆಳಕನ್ನು ಹಂಚಿ ಸಾಲು ಸಾಲು ಚುಕ್ಕಿ ಮೂಡಿಸುತ್ತೆ. ವೇವ್‌ಫ್ರಂಟ್ (ಬೆಳಕಿನ ಅಲೆಯ ಮುಂಬದಿ) ಎಲ್ಲಿ ಓರೆಯೋ ಅಲ್ಲಿನ ಚುಕ್ಕಿ ಸರಿಯುತ್ತೆ. ಒಂದು ತುಂಡು ಓರೆಯಾಗದೆ ನೆಟ್ಟಗೆ 200 ನ್ಯಾನೋಮೀಟರ್ ಮೇಲೆದ್ದರೆ? ಚುಕ್ಕಿ ಕದಲೋದೇ ಇಲ್ಲ. ಇದನ್ನೇ ಪಿಸ್ಟನ್ ದೋಷ ಅನ್ನೋದು.

ಹನ್ನೆರಡಿಂಚು: ಅದಕ್ಕೇ ತುಂಡುಗಳ ಅಂಚಲ್ಲಿ 168 ಸೆನ್ಸರ್ ಇಟ್ಟಿದ್ದಾರಲ್ಲ ಸಾರ್.

ಓರೆಗೆರೆ: ಅವು ಕಾವಲುಗಾರರು ಅಷ್ಟೇ. ಇಟ್ಟ ಜಾಗದಿಂದ ಕದಲಿದರೆ ಹೇಳುತ್ತವೆ. ಸರಿಯಾದ ಜಾಗ ಯಾವುದು ಅನ್ನೋದನ್ನು ನಕ್ಷತ್ರವೇ ಹೇಳಬೇಕು. ಕೆಕ್‌ನಲ್ಲಿ ತುಂಡುಗಳ ಎತ್ತರ ಹೊಂದಿಸಲು ಇರುವ ಫೇಸಿಂಗ್ ಕ್ಯಾಮೆರಾದಲ್ಲಿ ಎರಡು ತುಂಡುಗಳ ಗಡಿ ಮೇಲೆ ಸರಿಯಾಗಿ ಕೂರುವ ಕಿಂಡಿಗಳಿವೆ, ಕನ್ನಡಿಯ ಮೇಲಿನ ಲೆಕ್ಕದಲ್ಲಿ 12 ಸೆಂ.ಮೀ. ಅಗಲ. ಅದಕ್ಕಿಂತ ತುಂಬಾ ದೊಡ್ಡದಾದರೆ ಗಾಳಿಯ ಕಲಕಾಟ ಚುಕ್ಕಿಯನ್ನು ಕೆಡಿಸುತ್ತೆ. 800 ನ್ಯಾನೋಮೀಟರ್ ಬೆಳಕಲ್ಲಿ ನೋಡಿ: ಎರಡು ತುಂಡುಗಳ ನಡುವಿನ ಮೆಟ್ಟಿಲು 200 ಇದ್ದರೆ, ಪ್ರತಿಫಲನದಲ್ಲಿ ಇಮ್ಮಡಿಯಾಗಿ 400, ಅಂದರೆ ಅರ್ಧ ಅಲೆ. ಚುಕ್ಕಿ ಸಮನಾಗಿ ಎರಡು ಸೀಳಾಗುತ್ತೆ.

ಮಸೂರಪ್ರಿಯ: ಮೆಟ್ಟಿಲು 400 ಇದ್ದರೆ?

ಓರೆಗೆರೆ: ಒಳ್ಳೇ ಪ್ರಶ್ನೆ, ಮೋಸ ಆಗೋದೇ ಅಲ್ಲಿ. ಪೂರ್ತಿ ಒಂದು ಅಲೆ ವ್ಯತ್ಯಾಸ, ಚುಕ್ಕಿ ಏನೂ ಆಗಿಲ್ಲದಂತೆ ಕೂತಿರುತ್ತೆ. ಆದ್ದರಿಂದ ಮೊದಲು ಅಗಲ ಪಟ್ಟಿಯ (ಹಲವು ಅಲೆಯುದ್ದ ಬಿಡುವ) ಫಿಲ್ಟರ್ ಹಾಕಿ ತುಂಡನ್ನು ಹಂತ ಹಂತವಾಗಿ ಏರಿಳಿಸಿ, ಸೀಳು-ಕೂಡು ಆಟ ಎಲ್ಲಿ ಸ್ಪಷ್ಟ ಅಂತ ಹುಡುಕಬೇಕು. ಕಿರಿದಾದ ಫಿಲ್ಟರ್ ಆಮೇಲೆ.

ಹನ್ನೆರಡಿಂಚು: ಇಷ್ಟೆಲ್ಲ ಯಾಕೆ? ಬಾಹ್ಯಾಕಾಶದ ವೆಬ್ ದೂರದರ್ಶಕದ 18 ತುಂಡುಗಳನ್ನು ಫೋಕಸ್ ತಪ್ಪಿಸಿದ ಚಿತ್ರಗಳಿಂದಲೇ ಹೊಂದಿಸಿದರಲ್ಲ, ಅದೂ ವಿಜ್ಞಾನದ ಕ್ಯಾಮೆರಾದಲ್ಲೇ.

ಪಿಸ್ಟನ್‌ಪುರಾಣ: ಅದು ಕೊನೇ ಹಂತ ಮಾರಾಯ್ರೆ. ಅದಕ್ಕೂ ಮುಂಚೆ ನಿಯರ್‌ಕ್ಯಾಮ್ ಅನ್ನೋ ಅದೇ ಕ್ಯಾಮೆರಾದ ಗ್ರಿಸಂನಲ್ಲಿ (ಪಟ್ಟಕ ಮತ್ತು ಗೆರೆಜಾಲರಿ ಸೇರಿದ ಸಾಧನ) ಬೆಳಕನ್ನು ಬಣ್ಣವಾಗಿ ಹರಡಿ, ಪಟ್ಟೆಗಳ ಓರೆಯಿಂದ ದೊಡ್ಡ ಮೆಟ್ಟಿಲು ಅಳೆದರು. ಫೋಕಸ್ ತಪ್ಪಿಸುವ ವಿಧಾನಕ್ಕೆ ದೊಡ್ಡ ಮೆಟ್ಟಿಲು ಕಾಣೋದಿಲ್ಲ. ಮತ್ತೆ ವೆಬ್‌ಗೆ ಗಾಳಿಯ ಕಾಟ ಇಲ್ಲ, ಎರಡು ದಿನಕ್ಕೊಮ್ಮೆ ನೋಡಿಕೊಂಡರೂ ನಡೆಯುತ್ತೆ. ನೆಲದ ಮೇಲೆ ಹಾಗಲ್ಲ: ವಿಎಲ್‌ಟಿಯಲ್ಲಿ ಪ್ರತಿ ಅಳತೆಗೂ ಸುಮಾರು 30 ಸೆಕೆಂಡ್ ಬೆಳಕು ಕೂಡಿಸುತ್ತಾರೆ. ಅವಸರ ಮಾಡಿದರೆ ಕನ್ನಡಿಯನ್ನಲ್ಲ, ಗಾಳಿಯನ್ನು ಅಳೆದಂತೆ.

ಓರೆಗೆರೆ: ಹೌದು. ಕೆಕ್‌ನಲ್ಲಿ ಅಲ್ಯೂಮಿನಿಯಂ ಲೇಪನಕ್ಕೆ ಅಂತ ಒಂದು ತುಂಡು ಇಳಿಸಿ ಬೇರೆ ಕೂರಿಸಿದರೂ, ಸುತ್ತಲಿನ ಸೆನ್ಸರ್‌ಗಳ ಸೊನ್ನೆ (ಸರಿಯಾದ ಜಾಗದ ಗುರುತು) ಹೋಯಿತು ಅಂತಲೇ ಲೆಕ್ಕ. ಮತ್ತೆ ನಕ್ಷತ್ರ ಹಿಡಿಯಬೇಕು.