ಅಪ್‌ಡೇಟ್: ಡೈವ್ ವಾಚು ಕೊನೆಗೂ ಮಣಿಕಟ್ಟಿಗೆ ಬಂತು

ಅಪ್ಪನ ಎಚ್‌ಎಂಟಿ ಜನತಾ ಮತ್ತು ಒಂದು ಸಾದಾ ಕ್ವಾರ್ಟ್ಜ್ ವಾಚು ಮಾತ್ರವಿರುವ ನನ್ನ ಪುಟ್ಟ ಸಂಗ್ರಹಕ್ಕೆ ಹಳೆಯ ಶೈಲಿಯ ಡೈವ್ ವಾಚುಗಳಲ್ಲಿ (ನೀರಿನಾಳಕ್ಕೆ ಮುಳುಗುವವರಿಗೆಂದು ಮಾಡಿದ ವಾಚುಗಳು) ಟ್ಯೂಡರ್ ಬ್ಲ್ಯಾಕ್ ಬೇ 58 ಒಪ್ಪುತ್ತದೆಯೋ ಸೈಕೋ ಎಸ್‌ಪಿಬಿ143 ಒಪ್ಪುತ್ತದೆಯೋ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸೈಕೋ ತೆಗೆದುಕೊಂಡೆ.

ವ್ಯಾಸವನ್ನಲ್ಲ, ಪಟ್ಟಿ ಸಿಕ್ಕಿಸುವ ಕೊಂಬಿನ ತುದಿಯಿಂದ ತುದಿಗಿರುವ ಉದ್ದವನ್ನು ನೋಡಬೇಕೆಂದು ನೀವು ಹೇಳಿದ್ದು ನಿಜವಾಯಿತು. ಟ್ಯೂಡರ್‌ನ ವ್ಯಾಸ 39 ಮಿ.ಮೀ., ಸೈಕೋದ್ದು 40.5 ಮಿ.ಮೀ. ಆದರೂ ಬೆಂಗಳೂರಿನ ಅಂಗಡಿಯಲ್ಲಿ ಎರಡನ್ನೂ ಕಟ್ಟಿ ನೋಡಿದಾಗ ನನ್ನ ಸಣ್ಣ ಮಣಿಕಟ್ಟಿನ ಮೇಲೆ ಹೆಚ್ಚು ಅಂತರ ಕಾಣಲಿಲ್ಲ, ಕಂಡದ್ದು ಬೆಲೆಯಲ್ಲಿ. 1965ರಲ್ಲಿ ಬಂದ ಸೈಕೋದ ಮೊದಲ ಡೈವ್ ವಾಚಿನ ರೂಪವನ್ನೇ ಇದು ಅನುಸರಿಸುವುದರಿಂದ ಹಳೆಯ ಚೆಲುವಿಗೂ ಕೊರತೆಯಿಲ್ಲ.

ಚಿಕ್ಕಮಗಳೂರಿನ ಮಳೆಯಲ್ಲಿ, ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುತ್ತ ನಿಂತಾಗ, ಕೆಸರು ಮೆತ್ತಿದ ಬೆರಳಿಗೂ ಬೆಜೆಲ್ (ಕಳೆದ ನಿಮಿಷ ಅಳೆಯಲು ವಾಚಿನ ಮುಖದ ಸುತ್ತ ಇರುವ ಬಳೆ) ಜಾರದೆ ಟಿಕ್ ಟಿಕ್ ಎಂದು ತಿರುಗುತ್ತದೆ. ಅದು ಒಂದೇ ದಿಕ್ಕಿಗೆ ತಿರುಗುವುದರಿಂದ, ಕೊಂಬೆ ತಗುಲಿ ಸರಿದರೂ ಕಳೆದ ಸಮಯವನ್ನು ಹೆಚ್ಚಾಗಿಯೇ ತೋರಿಸುತ್ತದೆ. ಮುಳುಗುಗಾರ ಗಾಳಿ ಮುಗಿಯುವ ಮೊದಲೇ ಮೇಲೆ ಬಂದು ಪ್ರಾಣ ಉಳಿಸಿಕೊಳ್ಳಲೆಂದು ಮಾಡಿದ ಈ ಏರ್ಪಾಡು ಇಲ್ಲಿ ನನ್ನ ಡಿಕಾಕ್ಷನ್ ಇಳಿಯುವ ಹೊತ್ತನ್ನು ಕಾಯುತ್ತಿದೆ. ಮಳೆಗಾಲದಲ್ಲಿ ತೊಗಲಿನ ಪಟ್ಟಿಗೆ ಬೂಷ್ಟು ಹಿಡಿಯುವುದು ಖಚಿತವಾದ್ದರಿಂದ 20 ಮಿ.ಮೀ. ಅಗಲದ ನೈಲಾನ್ ಪಟ್ಟಿಯನ್ನೂ ತರಿಸಿದ್ದೇನೆ. ಜನತಾ ಈಗ ಬಿಸಿಲು ಬೀಳುವವರೆಗೂ ಬೀರುವಿನಲ್ಲೇ ಇರುತ್ತದೆ.