ಅಪ್‌ಡೇಟ್: ಇಯರ್‌ಫೋನ್ ಕೊಂಡಾಯಿತು

ಬಾಸ್ (ತಗ್ಗಿನ ಸ್ವರದ ಗುಂಕಾರ) ಒಂದೇ ಮೆರೆಯದೆ, ಗಾಯಕರ ದನಿಯೂ ವಾದ್ಯಗಳೂ ಸಮತೂಕದಲ್ಲಿ ಕೇಳುವ ಅಗ್ಗದ ಇಯರ್‌ಫೋನ್ ಯಾವುದು ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದಗಳು.

ಮೂನ್‌ಡ್ರಾಪ್ ಚು 2, ಸೆವೆನ್‌ಹರ್ಟ್ಜ್ ಸಾಲ್ನೋಟ್ಸ್ ಜೀರೋ ಎರಡನ್ನೂ ಅಳೆದು ತೂಗಿ ಜೀರೋ ತೆಗೆದುಕೊಂಡೆ. ಎರಡರಲ್ಲೂ ಕೇಬಲ್ ಬಿಚ್ಚಿ ಬದಲಾಯಿಸಬಹುದು. ವೈರನ್ನು ಕಿತ್ತುಹೋಗುವವರೆಗೆ ಎಳೆದಾಡುವ ನನ್ನಂಥವರಿಗೆ ಇದೇ ದೊಡ್ಡ ಸಮಾಧಾನ.

ಹಾಕಿಕೊಂಡ ಮೊದಲ ದಿನ ಸ್ವಲ್ಪ ನಿರಾಸೆಯಾಯಿತು. ತಬಲಾದ ಡಗ್ಗಾಕ್ಕೆ ಗುಂಕಾರವೇ ಇಲ್ಲ, ಬರೀ ಟಪಟಪ. ನಿಮ್ಮಲ್ಲೊಬ್ಬರು ‘ಮೊದಲು ಟಿಪ್ (ಕಿವಿಯೊಳಗೆ ಕೂರುವ ಮೆತ್ತನೆ ತುದಿ) ಬದಲಾಯಿಸಿ’ ಎಂದಿದ್ದರು; ದೊಡ್ಡ ಅಳತೆಯ ಸಿಲಿಕಾನ್ ಟಿಪ್ ಹಾಕಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ಕೂರಿಸಿದೆ. ಸುತ್ತಲಿನ ಸದ್ದು ಅಡಗಿತು, ಡಗ್ಗಾ ತುಂಬಿಕೊಂಡು ಬಂತು. ಟಿಪ್‌ಗೂ ಕಿವಿಗೂ ನಡುವೆ ಸಂದು ಉಳಿದರೆ ಮೊದಲು ಸೋರಿಹೋಗುವುದೇ ಬಾಸ್. ನನ್ನ ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು!

ಫೋನಿನಲ್ಲಿ 3.5 ಮಿ.ಮೀ. ಜ್ಯಾಕ್ ಇಲ್ಲದ್ದರಿಂದ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್, ಅಂದರೆ ಯುಎಸ್‌ಬಿ-ಸಿ ಡಾಂಗಲ್ ಬಳಸುತ್ತಿದ್ದೇನೆ. ಜೀರೋದ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 32 ಓಮ್ ಅಷ್ಟೇ, ಹಾಗಾಗಿ ಪ್ರತ್ಯೇಕ ಆ್ಯಂಪ್ಲಿಫೈಯರ್ ಬೇಕಿಲ್ಲ. ಆ್ಯಂಪ್ ಕೊಳ್ಳಲೇಬೇಕೆಂದು ಪಟ್ಟು ಹಿಡಿದಿದ್ದವರು ಕ್ಷಮಿಸಬೇಕು.

ದೂರೆಂದರೆ ಒಂದೇ: ವಾಲ್ಯೂಮ್ ಏರಿಸಿದರೆ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಸದ್ದು ತುಸು ಚುಚ್ಚುತ್ತದೆ. ಏರು ಸ್ವರ, ತಗ್ಗು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರ್‌ನಲ್ಲಿ 8 ಕಿಲೋಹರ್ಟ್ಜ್ ಆಸುಪಾಸಿನ ಏರು ಸ್ವರವನ್ನು ಎರಡು ಡೆಸಿಬೆಲ್ ಇಳಿಸಿದ್ದೇನೆ, ಸದ್ಯಕ್ಕೆ ಅಷ್ಟು ಸಾಕಾಗಿದೆ.